ಹಂಪೆಯ ಸಚಿತ್ರಗ್ರಂಥಗಳೂ ಅವುಗಳ ರಟ್ಟೂ

ಅಪೂರ್ವಗ್ರಂಥಗಳನ್ನು ಕೂಡಿಡುವವರಲ್ಲಿ ಹೊನ್ನಿನ ಅಕ್ಷರದ ಚರ್ಮದ ರಟ್ಟಿಗೆ ಮನಸೋಲುವವರು ಕೆಲವರು. ಒಳಗಿನ ಚಿತ್ರಗಳನ್ನು ಎಣಿಸಿ ನೋಡಿ ಕೊಳ್ಳುವವರು ಕೆಲವರು. ಹೊಸಪೇಟೆಯ ಹತ್ತಿರದ ಪಾಪಿನಾಯಕನಹಳ್ಳಿಯಂತಹ ಊರಿನ ಗೃಹಸ್ಥನು ನೆರೆಯ ಹಂಪೆಯನ್ನು ಕುರಿತ ಹಳೆಯ ಸಚಿತ್ರಗ್ರಂಥಗಳನ್ನು ಸಂಗ್ರಹಿಸಲು ಹೊರಟರೆ ಎರಡನೆಯ ಪಂಗಡವನ್ನು ಸೇರುವುದೇ ಲೇಸು. ಅದಕ್ಕೆ ಕಾರಣವು ಹಂಪೆಯಲ್ಲಿಯೇ ಇದೆ.

ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಆ ಸೀಮೆಯಲ್ಲಿ ಕಾಣದವರು ವಿರಳ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಮೇಣ ಹಚ್ಚಿದ ಕಾಗದದ ಮೇಲೆ ತೆಗೆದ ಛಾಯಾಚಿತ್ರದಲ್ಲಿ ಆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಇಂದು ಅದು ಇಲ್ಲ. ಚಿತ್ರವು ಉಳಿಯದಿದ್ದ ಪಕ್ಷದಲ್ಲಿ ಈಗಿನ ಬೋಳುನೆತ್ತಿಯನ್ನೇ ಶಿಲ್ಪಿಯ ಸಂಕಲ್ಪವೆಂದು ರಸಿಕರು ಕೊಂಡಾಡುವುದಾಗುತ್ತಿತ್ತು. ಗ್ರೀನ್‌ಲಾ ತೆಗೆದ ಈ ಚಿತ್ರಗಳು ಜಾರ್ಜ್ ಮಿಚೆಲ್ ಸಂಪಾದಿಸಿದ 2008ರ ಗ್ರಂಥದ ಮೂಲಕ ಓದುಗರ ಕೈಸೇರಿದುವು. ಇಂತಹ ಪುಸ್ತಕದಲ್ಲಿ ಚಿತ್ರವು ಅಲಂಕಾರವಲ್ಲ, ಸಾಕ್ಷ್ಯ.

ಆದುದರಿಂದ ರಟ್ಟು ಕಟ್ಟುವವನ ಕತ್ತಿಗೆ ಅಂಜಬೇಕು. ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಹೊರಬಿದ್ದ ಗ್ರಂಥಕ್ಕೆ ಮೆಡೋಸ್ ಟೇಲರನು ಚರಿತ್ರೆಯನ್ನೂ ಜೇಮ್ಸ್ ಫರ್ಗ್ಯುಸನ್ನನು ವಾಸ್ತುಟಿಪ್ಪಣಿಯನ್ನೂ ಬರೆದರು. ಅದರ ಛಾಯಾಚಿತ್ರಗಳು ಅಚ್ಚಾದುವಲ್ಲ, ಹಾಳೆಗಳಿಗೆ ಅಂಟಿಸಿದುವು. ಇಂತಹುದನ್ನು ಬಿಚ್ಚಿ ಅಂಚು ಕತ್ತರಿಸಿ ಹೊಸ ಚರ್ಮವನ್ನು ತೊಡಿಸಿದರೆ ಕಪಾಟಿಗೆ ಕಳೆಯೇರುವುದು. ಅಂಚಿನ ಬರಹವೂ ಚಿತ್ರದ ಕೊನೆಯೂ ಹೋಗುವುವು. ಚಿತ್ರಗಳನ್ನು ಕಿತ್ತು ಕಟ್ಟು ಹಾಕಿಸಿ ಬಿಡಿಬಿಡಿಯಾಗಿ ಮಾರುವ ವ್ಯಾಪಾರಿಯಂತೂ ಗ್ರಂಥಘಾತಕನೇ ಸರಿ.

ರಾಬರ್ಟ್ ಸಿವೆಲ್ಲನ 1900ರ ವಿಜಯನಗರ ಚರಿತ್ರೆಯ ಬೆಲೆಯೆಲ್ಲ ಅದರಲ್ಲಿರುವ ಪಾಯಸ್, ನೂನಿಜರ ವೃತ್ತಾಂತಗಳ ಅನುವಾದದಲ್ಲಿದೆ. ಚಿತ್ರಗಳಿಗಾಗಿ ಅದನ್ನು ಅರಸಬೇಕಾದುದಿಲ್ಲ. ಮದರಾಸಿನ ಸರಕಾರೀ ಮುದ್ರಣಾಲಯವು 1917ರಲ್ಲಿ ಹೊರತಂದ ಲಾಂಗ್‌ಹರ್ಸ್ಟನ ಗ್ರಂಥವಾದರೋ ಅವಶೇಷಗಳ ವರ್ಣನೆಯನ್ನೂ ಚಿತ್ರವನ್ನೂ ಜೊತೆಗೂಡಿಸಿ, ಗುಡಿಗಳ ನಡುವೆ ನಡೆಯುವವನ ಕೈಗೆ ಒದಗುವಂತಹುದು. ಇದಕ್ಕೆ ಹೊನ್ನಿನ ರಟ್ಟನ್ನು ಕಟ್ಟಿಸುವುದು ಹೊಲಕ್ಕೆ ಹೋಗುವವನಿಗೆ ಪೀತಾಂಬರ ಉಡಿಸಿದಂತೆ.

ಹಾಗೆಂದು ರಟ್ಟು ಹೀನವಲ್ಲ. ಹೊಲಿಗೆ ಬಿಗಿಯಾಗಿದ್ದು ಬೆನ್ನು ಸಡಿಲವಾಗಿದ್ದರೆ ಭಾರದ ಗ್ರಂಥವೂ ಮೇಜಿನ ಮೇಲೆ ಸಮನಾಗಿ ತೆರೆದುಕೊಳ್ಳುವುದು, ಎರಡು ಪುಟಗಳಿಗೆ ಹರಡಿದ ಚಿತ್ರವು ನಡುವೆ ಮುರಿಯದು. ಬಳ್ಳಾರಿ ಸೀಮೆಯ ಬೇಸಗೆಯಲ್ಲಿ ಚರ್ಮವು ಬಿರಿಯುವುದು. ಗಟ್ಟಿ ಬಟ್ಟೆಯ ರಟ್ಟು ಅಲ್ಲಿ ಹೆಚ್ಚು ಕಾಲ ಬಾಳುವುದು, ವೆಚ್ಚವೂ ಕಡಮೆ. ಕೊಳ್ಳುವವನು ಮೊದಲು ಚಿತ್ರಗಳ ಪಟ್ಟಿಯನ್ನು ತೆಗೆದು ಒಂದೊಂದನ್ನೂ ಎಣಿಸಿ, ಆಮೇಲೆ ರಟ್ಟಿನ ಬೆಲೆಯನ್ನು ವಿಚಾರಿಸಲಿ.