ಶ್ರೀವಿದ್ಯೆಯ ಗೋಪ್ಯ

ನಮ್ಮ ಸೀಮೆಯಲ್ಲಿ ತಂತ್ರವೆಂಬ ಮಾತು ಯಾರನ್ನೂ ಬೆಚ್ಚಿಸುವುದಿಲ್ಲ. ಶಿರ್ವ, ಕಾಪು, ಕಾರ್ಕಳಗಳ ಆಸುಪಾಸಿನ ಯಾವ ದೇವಸ್ಥಾನದಲ್ಲಿ ಬ್ರಹ್ಮಕಲಶವಾದರೂ ತಂತ್ರಿಗಳು ಬಂದೇ ಬರಬೇಕು; ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಪೂಜಾವಿಧಿಗಾಗಿ ರಚಿಸಿದ ಗ್ರಂಥಕ್ಕೂ ತಂತ್ರಸಾರಸಂಗ್ರಹವೆಂದೇ ಹೆಸರು. ಇಂಥ ನಾಡಿನಲ್ಲಿಯೂ ಶ್ರೀವಿದ್ಯೆಯ ಪ್ರಸ್ತಾಪ ಬಂದೊಡನೆ ಹಿರಿಯರ ದನಿ ತಗ್ಗುತ್ತದೆ. ತ್ರಿಪುರಸುಂದರಿಯನ್ನು ಶ್ರೀಚಕ್ರದಲ್ಲಿ ಅರ್ಚಿಸಿ, ಹದಿನೈದು ಅಕ್ಷರಗಳ ಪಂಚದಶಿಯನ್ನು ಗುರುಮುಖದಿಂದ ಪಡೆದು ಜಪಿಸುವ ಈ ಉಪಾಸನೆಯು ತನ್ನನ್ನು ಮರೆಸಿಕೊಂಡಿರುವುದರಲ್ಲಿ ಎಷ್ಟು ನ್ಯಾಯವಿದೆ, ಎಷ್ಟು ಬರಿಯ ರೂಢಿಯಿದೆ ಎಂಬ ಪ್ರಶ್ನೆ ಬಾಲ್ಯದಿಂದಲೂ ನನ್ನ ಜೊತೆಗೆ ಬಂದಿದೆ.

ಶುಕ್ರವಾರ ಬೆಳಗಾಯಿತೆಂದರೆ ನಮ್ಮ ಅಜ್ಜಿ ಮಡಿಯುಟ್ಟು ಬುಟ್ಟಿ ತುಂಬ ಕೇಪಳದ ಹೂ ಕೊಯ್ದು ತರುವರು, ಗೊಂಚಲುಗಳನ್ನು ಬಿಡಿಸಿ ಬಾಳೆಯೆಲೆಯ ಮೇಲೆ ಹರಡುವರು, ತಾಮ್ರದ ಹರಿವಾಣವನ್ನು ಹುಣಿಸೆಹುಳಿ ಹಚ್ಚಿ ತಿಕ್ಕಿ ಬೆಳಗುವರು; ಕೈ ಆಡುವಷ್ಟು ಹೊತ್ತೂ ಬಾಯಲ್ಲಿ ಲಲಿತಾಸಹಸ್ರನಾಮ, ಒಂದು ನಾಮವೂ ತಪ್ಪದಂತೆ. ಬಳಿಕ ಅಜ್ಜ ಆ ಹೂವನ್ನೆತ್ತಿಕೊಂಡು ದೇವರ ಕೋಣೆಯನ್ನು ಹೊಕ್ಕು ಅಗುಳಿ ಹಾಕಿಕೊಳ್ಳುವರು. ಕುಂಜಾರುಗಿರಿಯ ದುರ್ಗೆಗೂ ಕೊಲ್ಲೂರಿನ ಮೂಕಾಂಬಿಕೆಗೂ ಜೀವಮಾನವೆಲ್ಲ ನಡೆದುಕೊಂಡ ಅಜ್ಜಿ ಹೊರಗೆ ಕಂಬಕ್ಕೊರಗಿ ಕೂತಿರುವರು.

ಬಾಗಿಲ ಹಿಂದೆ ಇದ್ದುದೇನು? ಅದರ ಬಹುಭಾಗವನ್ನು ಶಂಕರರದೆಂದು ಪ್ರಸಿದ್ಧವಾದ ಸೌಂದರ್ಯಲಹರಿಯೇ ಹೇಳಿಬಿಟ್ಟಿದೆ. ಅದರ 11ನೆಯ ಶ್ಲೋಕದಲ್ಲಿ ಶಿವನ 4 ಮತ್ತು ಶಕ್ತಿಯ 5 ತ್ರಿಕೋಣಗಳಿಂದ ಚಕ್ರವು ಹೆಣೆದುಕೊಳ್ಳುವ ಬಗೆಯಿದೆ. ಕೋಣಗಳು 43 ಎಂದು ಒಂದು ಪಾಠ, 44 ಎಂದು ಇನ್ನೊಂದು. 32ನೆಯ ಶ್ಲೋಕವಂತೂ ಮಂತ್ರಾಕ್ಷರಗಳನ್ನೇ ದೇವತೆಗಳ ಹೆಸರುಗಳ ಸಾಲಿನಲ್ಲಿ ಅಡಗಿಸಿದೆ. ಉಪದೇಶವಿಲ್ಲದವನಿಗೆ ಅದು ಸ್ತುತಿ, ಉಪದೇಶವುಳ್ಳವನಿಗೆ ಮಂತ್ರ. ಇಬ್ಬರೂ ಒಂದೇ ಶ್ಲೋಕವನ್ನು ಗಟ್ಟಿಯಾಗಿ ಪಠಿಸಬಹುದು. ಯಾರನ್ನೂ ಹೊರಗೆ ನಿಲ್ಲಿಸದೆ ಗುಟ್ಟನ್ನು ಕಾಯುವ ಇದಕ್ಕಿಂತ ಸುಂದರವಾದ ಉಪಾಯವನ್ನು ನಾನು ಕಾಣೆ.

ವ್ಯಾಖ್ಯಾನಕಾರರೆಲ್ಲರಲ್ಲಿ ಈ ಔದಾರ್ಯವಿಲ್ಲ. ಗಜಪತಿ ಪ್ರತಾಪರುದ್ರನ ಆಶ್ರಯದಲ್ಲಿದ್ದ ಲಕ್ಷ್ಮೀಧರನು ಕೌಲರ ಬಾಹ್ಯಾಚಾರವನ್ನು ಖಂಡಿಸಿ, ಸಮಯಮತದವರಿಗೆ ಮನಸ್ಸಿನೊಳಗಿನ ಪೂಜೆಯಾದ ಅಂತರ್ಯಾಗವೊಂದೇ ಸಾಕೆಂದನು. ಅವನ ಪಾಂಡಿತ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಅವನ ಮಾತನ್ನು ಪೂರ್ತಿಯಾಗಿ ಒಪ್ಪಿದರೆ ಅಜ್ಜಿಯ ಬುಟ್ಟಿಯ ಕೇಪಳಕ್ಕೆ ಅರ್ಥವುಳಿಯುವುದಿಲ್ಲ. 1728ರಲ್ಲಿ ಸಹಸ್ರನಾಮಕ್ಕೆ ಸೌಭಾಗ್ಯಭಾಸ್ಕರವೆಂಬ ಭಾಷ್ಯವನ್ನು ರಚಿಸಿದ ಭಾಸ್ಕರರಾಯನು ನನಗೆ ಇನ್ನೂ ಹತ್ತಿರದವನು. ವರಿವಸ್ಯಾರಹಸ್ಯವೆಂಬ ತನ್ನ ಗ್ರಂಥಕ್ಕೆ ರಹಸ್ಯವೆಂದೇ ಹೆಸರಿಟ್ಟು, ಅದರೊಳಗೆ ಪಂಚದಶಿಯ ಹದಿನೈದು ಅರ್ಥಗಳನ್ನು ಬಿಡಿಸಿಟ್ಟ ಧೈರ್ಯ ಅವನದು. ಈ ಗ್ರಂಥಗಳೆಲ್ಲ ಅಚ್ಚಾಗಿ ಎಷ್ಟೋ ಕಾಲವಾಯಿತು. ಅಕ್ಷರಗಳಲ್ಲಿ ಇನ್ನು ಗುಟ್ಟಿಲ್ಲ.

ಹಾಗೆಂದು ಗೋಪ್ಯವೇ ಬೇಡವೆನ್ನಲಾರೆ. ಯಕ್ಷಗಾನ ಪ್ರಸಂಗದ ಪುಸ್ತಕ ಯಾರ ಕೈಗೂ ಸಿಗುತ್ತದೆ, ಆದರೂ ಗುರುವಿನ ಮಗ್ಗುಲಲ್ಲಿ ಕೂತು ತಾಳ ಹಿಡಿಯದೆ ಭಾಗವತನಾದವನುಂಟೆ? ಮಂತ್ರವೂ ಒಬ್ಬರ ಬಾಯಿಂದ ಒಬ್ಬರ ಕಿವಿಗೆ, ಪಾತ್ರವನ್ನೂ ಪಕ್ವತೆಯನ್ನೂ ನೋಡಿ ಸಾಗಬೇಕಾದುದು. ಸಹಸ್ರನಾಮದ ಕಥೆಯೇ ಹಾಗಿದೆ: ಎಲ್ಲವನ್ನೂ ಹೇಳಿದ ಹಯಗ್ರೀವನು ನಾಮಗಳನ್ನು ಮಾತ್ರ ಹೇಳದೆ ಉಳಿಸಿಕೊಂಡನು, ಅಗಸ್ತ್ಯನು ಕೇಳಿದ ಮೇಲೆಯೇ ಕೊಟ್ಟನು. ಕೇಳುವವರೆಗೆ ತಡೆಯುವುದು ಗುರುವಿನ ಧರ್ಮ; ಕೇಳಿದರೂ ಹೆಣ್ಣೆಂಬ ಕಾರಣಕ್ಕೆ ಕೊಡದಿರುವುದು ಯಾವ ಧರ್ಮವೆಂದು ನನಗೆ ತಿಳಿಯದು. ಆ ಅಗಸ್ತ್ಯನ ಮಡದಿ ಲೋಪಾಮುದ್ರೆಯ ಹೆಸರನ್ನೇ ಪಂಚದಶಿಯ ಒಂದು ಪಾಠವಾದ ಹಾದಿವಿದ್ಯೆಯು ಹೊತ್ತಿದೆ. ಭಾಸ್ಕರರಾಯನು ತನ್ನ ಪತ್ನಿ ಆನಂದಿಗೆ ದೀಕ್ಷೆಯಿತ್ತನೆಂದು ಸಂಪ್ರದಾಯಸ್ಥರೇ ಹೇಳುತ್ತಾರೆ. ಅಜ್ಜಿ ಒಮ್ಮೆ ಕೇಳಿದ್ದರಂತೆ. ಅಜ್ಜ ಉತ್ತರಿಸದೆ ಎದ್ದುಹೋದರಂತೆ.

ಅಜ್ಜ ತೀರಿಕೊಂಡಾಗ ಉಪದೇಶ ಪಡೆದವರು ಮನೆಯಲ್ಲಿ ಒಬ್ಬರೂ ಇರಲಿಲ್ಲ. ಶ್ರೀಚಕ್ರದ ತಾಮ್ರದ ತಗಡನ್ನು ಪಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟರು. ಮುಂದಿನ ಶುಕ್ರವಾರ ಅಜ್ಜಿ ಎಂದಿನಂತೆ ಕೇಪಳ ಬಿಡಿಸಿದರು, ಸಹಸ್ರನಾಮ ಮುಗಿಸಿದರು, ಹೂವನ್ನು ಒಳಗೆ ಕೊಂಡೊಯ್ಯುವವರಿಲ್ಲದೆ ಹೊಸ್ತಿಲ ಮೇಲೆಯೇ ಇಟ್ಟರು. ಬಾಗಿಲು ತೆರೆದೇ ಇತ್ತು.