ಕಡ್ಡಾಯ ಯಾರಿಗೆ?

ಹೋದ ಸಲ ಬ್ರಹ್ಮಾವರದ ಮನೆಗೆ ಹೋದಾಗ ಊಟದ ಹೊತ್ತಿಗೆ ಮಾವ ಶುರು ಮಾಡಿದರು: "ಈಗಿನ್ ಮಕ್ಳಿಗೆಲ್ಲ ಎರ್ಡ್ ವರ್ಷ ಮಿಲಿಟ್ರಿ ಕಡ್ಡಾಯ ಮಾಡ್ಕ್ ಮಾಣಿ, ಆಗ ಬುದ್ಧಿ ಬತ್ತ್." ಇಸ್ರೇಲ್, ದಕ್ಷಿಣ ಕೊರಿಯಾ ಎಲ್ಲ ಬಂದುಹೋದವು. "ನಿಮ್ಮ ಮಗನ್ನೂ ಕಳ್ಸ್ತ್ರಿಯಾ?" ಅಂದೆ. "ಅವ ದುಬಾಯಂಗೆ ಇದ್ದ ಅಲ್ದಾ" ಅಂದ್ರು. ಅಮ್ಮಮ್ಮ ಎಲ್ಲರಿಗೂ ಬಡಿಸ್ತಾ ಇದ್ದರು. ಅವರ ಊಟ ಇನ್ನೂ ಆಗಿರಲಿಲ್ಲ.

ಮಾವನ ಮಾತಿಗೆ ಕಾನೂನಿನ ಆಧಾರವೇ ಇಲ್ಲ ಅಂತಲ್ಲ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸುತ್ತಲೇ, ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ವಿಧಿಸಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. 1976ರಲ್ಲಿ ಸೇರಿಸಿದ 51ಎ ವಿಧಿ, ಕರೆ ಬಂದಾಗ ದೇಶಸೇವೆ ಮಾಡುವುದು ಮೂಲಭೂತ ಕರ್ತವ್ಯ ಅನ್ನುತ್ತದೆ. ಆದರೆ ಇದು ಸೇನೆಗೆ ಜನ ಸಾಲದೆ ಹುಟ್ಟಿದ ವಾದ ಅಲ್ಲ. 2022ರ ಅಗ್ನಿಪಥ ಯೋಜನೆಯಲ್ಲಿ ತಾವಾಗಿ ಸೇರಿದವರಲ್ಲೇ ನಾಲ್ಕು ವರ್ಷದ ನಂತರ ಉಳಿಸಿಕೊಳ್ಳುವುದು ಶೇ. 25ರವರೆಗೆ ಮಾತ್ರ. ಮಾವನಿಗೆ ಬೇಕಿರುವುದು ಸೈನಿಕರಲ್ಲ, ಹೇಳಿದ ಮಾತು ಕೇಳೋ ಮಕ್ಕಳು.

ಆ ರಾತ್ರಿ ನಿದ್ದೆ ಬರದೆ, ಕಪಾಟಿನಲ್ಲಿದ್ದ 'ಮರಳಿ ಮಣ್ಣಿಗೆ' ಮತ್ತೆ ಓದಲು ಕೂತೆ. ಕೋಟದ ಶಿವರಾಮ ಕಾರಂತರು ನಮ್ಮ ಕಡಲತೀರದ ಮೇಲೇ ಬರೆದ ಮೂರು ತಲೆಮಾರಿನ ಕತೆ. ಇದರಲ್ಲಿ ದೇಶಸೇವೆ ಹುಡುಕುವವರಿಗೆ ಮೊದಲು ಸಿಗುವವನು ಮೊಮ್ಮಗ ರಾಮ. ಓದು, ಸ್ವಾತಂತ್ರ್ಯ ಚಳವಳಿ, ಜೈಲು, ಬೊಂಬಾಯಿ, ಕೊನೆಗೆ ವಾಪಸ್ ಊರು. ಕಾರಂತರೂ ಕಾಲೇಜು ಬಿಟ್ಟು ಅಸಹಕಾರ ಚಳವಳಿಗೆ ಇಳಿದವರೇ. ಇಬ್ಬರಿಗೂ ಯಾವ ಸರ್ಕಾರವೂ ಆದೇಶ ಕೊಟ್ಟಿರಲಿಲ್ಲ. ಸರ್ಕಾರಕ್ಕೆ 'ಇಲ್ಲ' ಅನ್ನುವುದೇ ಅವರ ಪಾಲಿನ ನಾಗರಿಕ ಕರ್ತವ್ಯ ಆಗಿತ್ತು.

ಕಾಲೇಜಿನಲ್ಲಿ ಓದಿದಾಗ ನನಗೂ ರಾಮನೇ ಹೀರೊ. ಈ ಸಲ ಕಣ್ಣು ನಿಂತಿದ್ದು ರಾಮ ಐತಾಳರ ಮನೆಯ ಹೆಂಗಸರ ಮೇಲೆ. ಐತಾಳರ ವಿಧವೆ ಸೋದರಿ ಸರಸೋತಿ, ಮಕ್ಕಳಾಗಲಿಲ್ಲ ಅಂತ ಸವತಿಯನ್ನು ಒಪ್ಪಿಕೊಳ್ಳಬೇಕಾದ ಪಾರೋತಿ. ಮನೆಗೂ ಗದ್ದೆಗೂ ದುಡಿದವರು ಇವರು. ಆಮೇಲೆ ಇಂಗ್ಲಿಷ್ ಓದಿದ ಲಚ್ಚ ಆಸ್ತಿಯನ್ನೆಲ್ಲ ಹಾಳು ಮಾಡ್ತಾನೆ, ಅವನ ಹೆಂಡತಿ ನಾಗವೇಣಿ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡ್ತಾಳೆ.

ಇವರ ಸಹನೆ ನೋಡಿ ನಾವು 'ಎಂಥಾ ಹೆಂಗಸರಪ್ಪ!' ಅಂದು ಪುಸ್ತಕ ಮುಚ್ಚುತ್ತೇವೆ. ನನ್ನ ತಕರಾರು ಇರುವುದೇ ಅಲ್ಲಿ. ಆ ಮೆಚ್ಚುಗೆಗೆ ಕಾದಂಬರಿಯೂ ಸ್ವಲ್ಪ ಜಾಗ ಮಾಡಿಕೊಡುತ್ತದೆ. ಅವರದ್ದೂ ಕಡ್ಡಾಯ ಸೇವೆಯೇ ಅಲ್ವಾ? ಎರಡು ವರ್ಷ ಅಂತ ಗಡುವಿಲ್ಲ, ಬಿಡುಗಡೆ ಪತ್ರ ಇಲ್ಲ, ಪಿಂಚಣಿ ಇಲ್ಲ. 'ಮರಳಿ' ಅನ್ನೋ ಮಾತು ಹೊರಗೆ ಹೋಗಲು ಸಾಧ್ಯವಾದವರದ್ದು. ಹೋಗಲಿಕ್ಕೇ ಆಗದ ಸರಸೋತಿ ಎಲ್ಲಿಗೆ ಮರಳಬೇಕು?

ಕರ್ತವ್ಯ ಈ ನೆಲದಲ್ಲಿ ಎಂದೂ ಕಮ್ಮಿ ಇರಲಿಲ್ಲ, ಅದನ್ನು ಹಂಚಿದ ರೀತಿ ತಪ್ಪಿತ್ತು. ಕಡ್ಡಾಯ ಸೇವೆಯ ಬಗ್ಗೆ ಮಾತಾಡುವವರು ಯಾರನ್ನು ಸೇರಿಸಬೇಕು ಅಂತ ಹೇಳ್ತಾರೆ. ಈಗಾಗಲೇ ದುಡಿಯುತ್ತಿರುವವರಿಗೆ ರಜೆ ಯಾವಾಗ ಅಂತ ಯಾರೂ ಕೇಳಲ್ಲ.

ಹೀಗೆಲ್ಲ ಬರೆಯೋ ನಾನೂ ಭಾನುವಾರ ರಾತ್ರಿಯ ಬೆಂಗಳೂರು ಬಸ್ಸಿಗೆ ಟಿಕೆಟ್ ಮಾಡಿಸಿಕೊಂಡೇ ಊರಿಗೆ ಹೋದವನು. ಹೊರಡುವಾಗ ಅಮ್ಮಮ್ಮ ಚೀಲಕ್ಕೆ ಉಪ್ಪಿನಕಾಯಿ ಹಾಕಿ, "ಮತ್ತ್ ಯಾವಾಗ್ ಬತ್ತೆ?" ಅಂದ್ರು. ನನ್ನ ಹತ್ರ ತಾರೀಖು ಇರಲಿಲ್ಲ.