ಜೋಡಿ ಲಿವರುಗಳ ಕೀರ್ತಿ

ಪಾಲಿಮರ್ ಚೌಕಟ್ಟಿನ ಪಿಸ್ತೂಲುಗಳು ಬಂದ ಮೇಲೆ ಎಡಚರ ಪಾಡು ಹಸನಾಯಿತು ಎಂದು ಬಂದೂಕಿನ ಬಗ್ಗೆ ಬರೆಯುವವರೂ ವಿಡಿಯೊ ಮಾಡುವವರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಅವರ ಅಳತೆಗೋಲು ಸಲೀಸು. ಮ್ಯಾಗಜಿನ್ ಬಿಡಿಸುವ ಗುಂಡಿಯನ್ನು ಎರಡೂ ಮಗ್ಗುಲಿಗೆ ಹಾಕಬಹುದೇ? ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಲಿವರ್, ಅಂದರೆ ಸ್ಲೈಡ್ ಸ್ಟಾಪ್, ಎರಡೂ ಕಡೆ ಇದೆಯೇ? ಇದ್ದರೆ ‘ಎಡಗೈಗೂ ಸೈ’ ಎಂಬ ಮುದ್ರೆ ಬಿತ್ತು. ಪಾಲಿಮರ್ ಪಿಸ್ತೂಲು ಎಡಗೈಗೆ ಉಪಕಾರ ಮಾಡಿದ್ದು ನಿಜ. ಆದರೆ ಆ ಉಪಕಾರ ಆದದ್ದು ಒಂದು ಲಿವರನ್ನು ಕಿತ್ತುಹಾಕಿದ್ದರಿಂದ. ಉಳಿದವನ್ನು ಜೋಡಿ ಮಾಡಿದ್ದರಿಂದ ಆದದ್ದು ಬಹುಪಾಲು ಸದ್ದು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಎಡಚನೊಬ್ಬ ಲೈಸೆನ್ಸ್ ಪಡೆದು ಅಂಗಡಿಗೆ ಹೋದರೆ ಆ ಜೋಡಿ ಲಿವರಿನ ಪಿಸ್ತೂಲುಗಳು ಸಿಗುವುದಿಲ್ಲ. ಅವುಗಳ ಕೀರ್ತಿ ಮಾತ್ರ ಮೊಬೈಲಿನಲ್ಲಿ ಬಂದು, ಸಿಗುವುದನ್ನು ನೋಡುವ ಅವನ ಕಣ್ಣನ್ನು ಕೆಡಿಸಿರುತ್ತದೆ.

ಗ್ಲಾಕ್‌ನ ಚರಿತ್ರೆ ಎಲ್ಲರಿಗೂ ಬಾಯಿಪಾಠ. 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡ ಆ ಪಾಲಿಮರ್ ಪಿಸ್ತೂಲಿನಲ್ಲಿ ಹೆಬ್ಬೆರಳಿನಿಂದ ಒತ್ತುವ ಸೇಫ್ಟಿಯೇ ಇಲ್ಲ ಎಂಬುದೊಂದನ್ನು ಇಲ್ಲಿ ನೆನೆದರೆ ಸಾಕು. ಬ್ರೌನಿಂಗ್ ವಂಶದ ಹಳೆಯ ಪಿಸ್ತೂಲುಗಳಲ್ಲಿ ಎಡಚರನ್ನು ಗೋಳಾಡಿಸಿದ್ದು ಆ ಸೇಫ್ಟಿ. ಅದು ಬಲಗೈಯವನ ಹೆಬ್ಬೆರಳಿಗೆ ಎಟುಕಲೆಂದು ಎಡಮಗ್ಗುಲಲ್ಲಿ ಕೂತಿರುತ್ತದೆ. ಎಡಗೈಯವನ ಹೆಬ್ಬೆರಳು ಇರುವುದು ಬಲಮಗ್ಗುಲಲ್ಲಿ. ಗ್ಲಾಕ್ ಸೇಫ್ಟಿಯನ್ನು ಟ್ರಿಗರ್‌ನಲ್ಲೇ ಅಡಗಿಸಿತು. ತೋರುಬೆರಳು ಯಾವ ಕೈಯದಾದರೂ ಟ್ರಿಗರ್‌ಗೆ ವ್ಯತ್ಯಾಸವಿಲ್ಲ. ಎಡಚರ ಪ್ರಶ್ನೆಯ ಮುಕ್ಕಾಲು ಪಾಲು ಅಲ್ಲಿಗೇ ಬಗೆಹರಿದಿತ್ತು.

ಈಗ ತುಂಬ ಹೊಗಳಿಸಿಕೊಳ್ಳುವ ಸ್ಲೈಡ್ ಸ್ಟಾಪ್‌ಗೆ ಬರೋಣ. 2017ರ ಐದನೆಯ ತಲೆಮಾರಿನಲ್ಲಿ ಗ್ಲಾಕ್ ಇದನ್ನು ಎರಡೂ ಮಗ್ಗುಲಿಗೆ ತಂದಿತು. ಇದನ್ನು ಎಡಚರಿಗೆ ಸಿಕ್ಕ ನ್ಯಾಯವೆಂದು ಬರೆಯುವವರು ಎರಡು ಕೈಯ ಹಿಡಿತವನ್ನು ಒಮ್ಮೆ ನೆಟ್ಟಗೆ ನೋಡಬೇಕಿತ್ತು. ಬಲಗೈಯವನ ಎರಡೂ ಹೆಬ್ಬೆರಳುಗಳು ಎಡಮಗ್ಗುಲಲ್ಲಿ ಮುಂದಕ್ಕೆ ಚಾಚಿ ಮಲಗಿರುತ್ತವೆ. ಸ್ಲೈಡ್ ಸ್ಟಾಪ್ ಇರುವುದೂ ಅಲ್ಲೇ. ಹೆಬ್ಬೆರಳು ಅದರ ಮೇಲೆ ಭಾರ ಬಿಟ್ಟರೆ, ಕೊನೆಯ ಗುಂಡು ಹಾರಿದ ಮೇಲೆ ಹಿಂದೆ ನಿಲ್ಲಬೇಕಾದ ಸ್ಲೈಡ್ ನಿಲ್ಲದೆ ಮುಂದಕ್ಕೆ ಜಾರಿಬಿಡುತ್ತದೆ. ಪಿಸ್ತೂಲು ಬರಿದಾಗಿದೆ ಎಂಬುದು ಹಿಡಿದವನಿಗೆ ತಿಳಿಯುವುದು ಮತ್ತೆ ಟ್ರಿಗರ್ ಎಳೆದಾಗಲೇ. ಬಲಗೈಯವರ ಹಳೆಯ ದೂರು ಇದು.

ಎಡಚನಿಗೆ ಈ ಕಾಟವಿರಲಿಲ್ಲ. ಅವನ ಹೆಬ್ಬೆರಳುಗಳೆರಡೂ ಬಲಮಗ್ಗುಲಲ್ಲಿ, ಏನೂ ಇಲ್ಲದ ಬಯಲಲ್ಲಿ ಇರುತ್ತಿದ್ದವು. ಅಲ್ಲಿಗೂ ಒಂದು ಲಿವರ್ ತಂದು ಕೂರಿಸಿದ ಮೇಲೆ ಬಲಗೈಯವರ ದೂರು ಅವನ ಪಾಲಿಗೂ ಬಂತು. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದೇನು? ಸ್ಲೈಡ್ ಮುಂದಕ್ಕೆ ಬಿಡುವ ಅನುಕೂಲ. ಆ ಕೆಲಸವನ್ನು ಬಿಡುವಾದ ಬಲಗೈ, ಸ್ಲೈಡಿನ ಹಿಂಭಾಗ ಹಿಡಿದೆಳೆದು ಬಿಟ್ಟು, ಮೊದಲಿನಿಂದಲೂ ಮಾಡುತ್ತಲೇ ಇತ್ತು.

ಮ್ಯಾಗಜಿನ್ ಗುಂಡಿಯ ಕಥೆಯೂ ಇಂಥದ್ದೇ. ಎಡಮಗ್ಗುಲ ಗುಂಡಿಯನ್ನು ಎಡಚ ತೋರುಬೆರಳಿನಿಂದಲೋ ನಡುಬೆರಳಿನಿಂದಲೋ ಒತ್ತುತ್ತಾನೆ. ತೋರುಬೆರಳಿನಿಂದ ಒತ್ತಬೇಕಾದರೆ ಆ ಬೆರಳು ಟ್ರಿಗರ್‌ನಿಂದ ಹೊರಗೆ ಬಂದಿರಲೇಬೇಕು. ಮ್ಯಾಗಜಿನ್ ಬದಲಿಸುವಾಗ ಬೆರಳು ಎಲ್ಲಿರಬೇಕೆಂದು ತರಬೇತುದಾರರು ಗಂಟಲು ಹರಿಯುವಂತೆ ಹೇಳುವುದನ್ನು ಎಡಚನ ಕೈಗೆ ಗುಂಡಿಯೇ ಕಲಿಸುತ್ತದೆ. 2010ರ ನಾಲ್ಕನೆಯ ತಲೆಮಾರಿನಲ್ಲಿ ಗುಂಡಿಯನ್ನು ಬಲಮಗ್ಗುಲಿಗೆ ತಿರುಗಿಸಿ ಹಾಕುವ ಸೌಲಭ್ಯ ಬಂತು. ತಿರುಗಿಸಿದರೆ ಒಂದೇ ಕಡೆ ಕಚ್ಚು ಇರುವ ಹಳೆಯ ಮ್ಯಾಗಜಿನ್‌ಗಳು ಅದರಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಹೊಗಳುವವರು ಕೆಳದನಿಯಲ್ಲಿ ಹೇಳುತ್ತಾರೆ. ಒಂದು ಮಾತು ಮಾತ್ರ ಒಪ್ಪಲೇಬೇಕು: ಗುಂಡಿ ಉದ್ದವಾಗಿ ಚಾಚಿಕೊಂಡಿದ್ದರೆ ಎಡಚನ ಬಿಗಿಹಿಡಿತಕ್ಕೇ ಒತ್ತಿಕೊಂಡು ಮ್ಯಾಗಜಿನ್ ಕೆಳಗೆ ಬೀಳಬಹುದು. ಚಿಕ್ಕ ಗುಂಡಿಯೇ ಅದಕ್ಕೆ ಮದ್ದು.

ಮ್ಯಾಗಜಿನ್ ಬಿಡಿಸಲು ನಿಜಕ್ಕೂ ಎರಡೂ ಕೈಗೆ ಸಮನಾದ ಉಪಾಯವೊಂದಿತ್ತು. ಟ್ರಿಗರ್ ಕಾವಲಿನ ಬುಡದಲ್ಲಿ ಎರಡೂ ಕಡೆಗೆ ಚಾಚಿದ, ಕೆಳಕ್ಕೆ ಒತ್ತುವ ಅಡ್ಡಪಟ್ಟಿ; ವಾಲ್ಥರ್ ಪಿ99ರಲ್ಲಿ ಇದ್ದದ್ದು ಅದು. ಅದೇ ವಂಶದ ಪಿಪಿಕ್ಯೂ 2013ರಲ್ಲಿ ಎರಡನೆಯ ಆವೃತ್ತಿಯಾಗಿ ಬಂದಾಗ ಪಟ್ಟಿ ಹೋಗಿ ಗುಂಡಿ ಕೂತಿತ್ತು. ಗುಂಡಿಗೆ ಒಗ್ಗಿಹೋದ ಅಮೆರಿಕದ ಗಿರಾಕಿಯ ಮುಂದೆ ಎಡಚನ ಅನುಕೂಲ ನಿಲ್ಲಲಿಲ್ಲ.

ಹಿಡಿಯ ಮಾತನ್ನಂತೂ ವಿಮರ್ಶಕರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಉಕ್ಕಿನ ಪಿಸ್ತೂಲಿನ ಹಿಡಿಗೆ ಹಲಗೆ ಬಿಗಿದಿರುತ್ತದೆ. ತಿರುಪು ಬಿಚ್ಚಿ ಎಡಗೈಗೆ ತಕ್ಕಂತೆ ಕೆತ್ತಿದ ಹಲಗೆ ಹಾಕಬಹುದು. ಪಾಲಿಮರ್ ಪಿಸ್ತೂಲಿನಲ್ಲಿ ಹಿಡಿಯೇ ಚೌಕಟ್ಟು, ಅಚ್ಚಿನಲ್ಲಿ ಬಂದದ್ದೇ ಕೊನೆ. ಬದಲಿಸಿಕೊಳ್ಳಲು ಕೊಡುವ ಬೆನ್ನುಪಟ್ಟಿಗಳು ಹಿಡಿಯನ್ನು ದಪ್ಪ ಮಾಡುತ್ತವೆ, ಎಡಗೈಯದಾಗಿ ಮಾಡುವುದಿಲ್ಲ. ಎಡ, ಬಲ ಮಗ್ಗುಲ ಪಟ್ಟಿಗಳನ್ನು ಬೇರೆಬೇರೆಯಾಗಿ ಬದಲಿಸಲು ಬಿಡುವ ಹೆಕ್ಲರ್ ಅಂಡ್ ಕಾಖ್‌ನ ವಿಪಿ9 ಇದಕ್ಕೆ ಅಪವಾದ. ಜೋಡಿ ಲಿವರಿಗೆ ಸಿಕ್ಕ ಹೊಗಳಿಕೆಯಲ್ಲಿ ಅರ್ಧದಷ್ಟು ಆ ಪಟ್ಟಿಗಳಿಗೆ ಸಲ್ಲಬೇಕಿತ್ತು.

ಇನ್ನೊಂದು ಪಕ್ಷದ ವಿಮರ್ಶಕರಿದ್ದಾರೆ. ‘ಬಲಗೈಯಲ್ಲೇ ಕಲಿ, ತಕರಾರೇ ಇರುವುದಿಲ್ಲ’ ಎನ್ನುವವರು. ನಮ್ಮ ಕಡೆ ಇವರ ವಾದ ಗದ್ದೆಬಯಲಿನಿಂದಲೇ ಬರುತ್ತದೆ: ಭತ್ತ ಕೊಯ್ಯುವ ಕುಡುಗೋಲಿನ ಹಲ್ಲು ಬಲಗೈಗೆ ಕಟ್ಟಿದ್ದು, ಎಡಚರೂ ಅದರಲ್ಲೇ ಕೊಯ್ಯುವುದಿಲ್ಲವೇ? ಕೊಯ್ಯುತ್ತಾರೆ, ಬೆಳಗಿನಿಂದ ಸಂಜೆವರೆಗೆ, ವರ್ಷವರ್ಷವೂ, ಕೈ ಒಗ್ಗುತ್ತದೆ. ವರ್ಷಕ್ಕೆ ಬೆರಳೆಣಿಕೆಯ ಗುಂಡು ಹಾರಿಸುವ ಲೈಸೆನ್ಸ್‌ದಾರನಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು? ಗಾಬರಿಯಲ್ಲಿ ಮುಂದೆ ಬರುವುದು ಹುಟ್ಟಿನ ಕೈ.

ಬಲಗಣ್ಣು ಬಲವಾಗಿರುವ ಎಡಚ ಬಲಗೈಗೆ ಬದಲಾಗಲೇಬೇಕು ಎಂಬುದು ಇದೇ ಪಕ್ಷದ ಎರಡನೆಯ ವಾದ. ಅದು ಕೋವಿಯ ಪಾಠ. ಭುಜಕ್ಕೆ ಒರಗಿಸುವ ಕೋವಿ ಒಂದೇ ಕಣ್ಣಿನ ಕೆಳಗೆ ಕೂರುತ್ತದೆ. ಚಾಚಿದ ತೋಳಿನ ತುದಿಯ ಪಿಸ್ತೂಲಿಗೆ ಮುಖವನ್ನು ಒಂದಿಷ್ಟು ತಿರುಗಿಸಿದರೆ ಮುಗಿಯಿತು.

ಮೂರನೆಯ ಅಸ್ತ್ರ ಹಂಗೆರಿಯ ಕಾರೊಯ್ ತಕಾಚ್. 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹಾಳಾದ ಆ ಸೈನಿಕ ಎಡಗೈಯಲ್ಲಿ ಕಲಿತು 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ರ‍್ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದ. ಅವನೇ ಕೈ ಬದಲಿಸಿದ ಮೇಲೆ ನಿನಗೇನು ಎಂಬ ಧಾಟಿ. ತಕಾಚ್ ಬದಲಿಸಿದ್ದು ಇನ್ನೊಂದು ಕೈ ಕೆಟ್ಟಿದ್ದರಿಂದ. ನೆಟ್ಟಗಿರುವ ಕೈಯನ್ನು ಮೂಲೆಗಿಡು ಎನ್ನಲು ಅವನನ್ನು ಸಾಕ್ಷಿಗೆ ಕರೆಯುವುದು ಅವನ ಸಾಧನೆಗೂ ಅನ್ಯಾಯ, ಕೇಳುವವನ ಬುದ್ಧಿಗೂ ಅವಮಾನ.

ಇನ್ನು ಮದ್ದೂರು ತಾಲ್ಲೂಕಿನ ವಾಸ್ತವ. ಗೆಜ್ಜಲಗೆರೆ ಹೆದ್ದಾರಿಯ ಊರು. ಒಂದು ಕಡೆ ಮನ್‌ಮುಲ್ ಡೇರಿ ಮತ್ತು ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಕಬ್ಬು, ಭತ್ತ. ಇಲ್ಲಿಯವನು ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ, 2016ರ ಆಯುಧ ನಿಯಮಗಳ ಪ್ರಕಾರ ತರಬೇತಿಯ ಪ್ರಮಾಣಪತ್ರ ಕೊಟ್ಟು, ಪೊಲೀಸ್ ವರದಿ ದಾಟಿ ಲೈಸೆನ್ಸ್ ಪಡೆದರೂ ಗ್ಲಾಕ್ 17 ಅವನ ಪಾಲಿಗಿಲ್ಲ. ಅದು ಹಾರಿಸುವ 9 ಎಂಎಂ ಪ್ಯಾರಾಬೆಲಂ ಜನಸಾಮಾನ್ಯರಿಗೆ ನಿಷಿದ್ಧ ಬೋರ್. ಸಾಮಾನ್ಯ ಲೈಸೆನ್ಸ್‌ದಾರ ವಿದೇಶದಿಂದ ತರಿಸುವ ದಾರಿ 1980ರ ದಶಕದಲ್ಲೇ ಮುಚ್ಚಿದೆ. ಉಳಿಯುವುದು ಮುಖ್ಯವಾಗಿ ಸರ್ಕಾರಿ ಕಾರ್ಖಾನೆಗಳ ಪಾಯಿಂಟ್ 32 ಪಿಸ್ತೂಲು, ಪಾಯಿಂಟ್ 32 ರಿವಾಲ್ವರ್. 2019ರ ತಿದ್ದುಪಡಿಯ ನಂತರ ಒಬ್ಬನಿಗೆ ಎರಡೇ ಬಂದೂಕು. ಮನೆಯಲ್ಲಿ ಬೆಳೆ ಕಾಯುವ ಕೋವಿ ತನ್ನ ಹೆಸರಿಗೇ ಇದ್ದರೆ ಉಳಿದದ್ದು ಒಂದೇ ಆಯ್ಕೆ. ತಪ್ಪಿ ಆರಿಸಿದರೆ ಬದಲಿಸಲು ಮತ್ತೆ ಕಚೇರಿ ಸುತ್ತಬೇಕು.

ಆ ಒಂದೇ ಆಯ್ಕೆಗೆ ಗ್ಲಾಕ್ ಕಲಿಸಿದ ಪಾಠವನ್ನೇ ಹಚ್ಚಿ ನೋಡಿ. ಪಾಯಿಂಟ್ 32 ಪಿಸ್ತೂಲು ಹಳೆಯ ಬ್ರೌನಿಂಗ್ ಜಾಡಿನದು, ಸೇಫ್ಟಿ ಎಡಮಗ್ಗುಲಲ್ಲಿ. ಎಡಚನಿಗೆ ಅದೇ ಹಳೆಯ ಗೋಳು. ಪಾಯಿಂಟ್ 32 ರಿವಾಲ್ವರ್ ವೆಬ್ಲಿ ವಂಶದ, ನಡುಮುರಿಯುವ ಬಗೆಯದು; ಅದರ ಕಥೆ ಬೇರೆ. ಅಗುಳಿ ಎಡಮಗ್ಗುಲಲ್ಲಿದೆ, ನಿಜ; ಬಿಡುವಾದ ಬಲಗೈ ಅದನ್ನು ಒತ್ತಿ ನಳಿಕೆಯನ್ನು ಬಗ್ಗಿಸಿದರೆ ಖಾಲಿ ಕಾಡತೂಸುಗಳು ಒಟ್ಟಿಗೆ ಹೊರಬೀಳುತ್ತವೆ. ಅಲ್ಲಿಂದಾಚೆಗೆ ಎಡವೂ ಇಲ್ಲ, ಬಲವೂ ಇಲ್ಲ. 2014ರಲ್ಲಿ ಕಾನ್ಪುರದಿಂದ ಬಂದ 500 ಗ್ರಾಂ ತೂಕದ ‘ನಿರ್ಭೀಕ್’ ಕೂಡ ಇದೇ ಬಗೆಯದು. ಅದನ್ನು ಮಾರಿದ್ದು ಹೆಂಗಸರ ರಿವಾಲ್ವರ್ ಎಂದು.

ಈಗ ಜೈಕಾರ 2023ರ ‘ಪ್ರಬಲ್’ ರಿವಾಲ್ವರಿಗೆ. 50 ಮೀಟರ್ ಗುರಿಯಂತೆ, ಪಕ್ಕಕ್ಕೆ ತೆರೆಯುವ ಸಿಲಿಂಡರ್ ಅಂತೆ. ಆತ್ಮರಕ್ಷಣೆಗೆ 50 ಮೀಟರ್ ಯಾರಿಗೆ ಬೇಕು ಎಂಬ ಪ್ರಶ್ನೆ ಒತ್ತಟ್ಟಿಗಿರಲಿ. ಪಕ್ಕಕ್ಕೆ ತೆರೆಯುವ ಸಿಲಿಂಡರ್ ತೆರೆಯುವುದು ಎಡಕ್ಕೆ. ಹೆಬ್ಬೆರಳಲ್ಲಿ ಒತ್ತಿ ಎಡಗೈಗೆ ಸಿಲಿಂಡರ್ ಹಾಯಿಸಿಕೊಳ್ಳುವ ಬಲಗೈಯವನಿಗಾಗಿ ಹುಟ್ಟಿದ ವ್ಯವಸ್ಥೆ ಅದು. ಎಡಚ ಪ್ರತಿ ಸಲ ತುಂಬುವಾಗಲೂ ಕೈ ಬದಲಿಸಬೇಕು, ಇಲ್ಲವೇ ಬೆರಳು ತಿರುಚಬೇಕು. ಪ್ರಗತಿಯೆಂದು ಹೊಗಳಿದವರಲ್ಲಿ ಅದನ್ನು ಎಡಗೈಯಲ್ಲಿ ತೆರೆದು ನೋಡಿದವರು ಎಷ್ಟು ಮಂದಿ?

ಪ್ರಬಲ್ ಗಟ್ಟಿ, ಐದನೆಯ ತಲೆಮಾರಿನ ಗ್ಲಾಕ್ ಒಳ್ಳೆಯ ಪಿಸ್ತೂಲು, ಅದರಲ್ಲಿ ಜಗಳವಿಲ್ಲ. ಎಡಗೈಯ ಹೆಸರಿನಲ್ಲಿ ಅಂಕ ಕೊಡುವಾಗ ಎಷ್ಟು ಲಿವರ್ ಇವೆ ಎಂದು ಎಣಿಸಿದರೆ ಮಾತ್ರ ಜಗಳ. ಗೆಜ್ಜಲಗೆರೆಯ ಎಡಚನ ಲೈಸೆನ್ಸಿನಲ್ಲಿ ಒಂದೇ ಜಾಗ ಖಾಲಿಯಿದ್ದರೆ, ವಿಡಿಯೊಗಳಲ್ಲಿ ಮುದಿಯೆನಿಸಿಕೊಂಡ ಆ ನಡುಮುರಿಯುವ ರಿವಾಲ್ವರ್ ಅಲ್ಲಿಗೆ ಬರಬೇಕು. ಹಾಗೆ ಬರೆಯುವ ಧೈರ್ಯ ಬಂದೂಕಿನ ವಿಮರ್ಶಕರಿಗೆ ಇಲ್ಲದಿದ್ದರೆ, ಕನಿಷ್ಠ ತಮ್ಮ ಅಂಕಪಟ್ಟಿಯಿಂದ ಎಡಗೈಯ ಕಾಲಮ್ಮನ್ನಾದರೂ ಅಳಿಸಲಿ.